ಕೊಳಗ ಎಷ್ಟು ಸೇರಿನದು ಅಂತ ಕೇಳು

ಸಾಗರ

ಪ್ರೀತಿಯ ಕೂಸೆ,

ನಿನ್ನ ಕಾಗದ ಸಿಕ್ಕಿತು. ಆ ಹಿರಿಯ ಸಮಾಜವಾದಿಯ ಸಂದರ್ಶನಕ್ಕೆ ಅಂತ ನೀನು ಬರೆದುಕೊಂಡ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯೂ ಸಿಕ್ಕಿತು. ಪಟ್ಟಿ ಓದಿ ಸ್ವಲ್ಪ ನಗು ಬಂತು. ಬೇಜಾರು ಮಾಡ್ಕೋಬೇಡ, ನನ್ನ ಮೊದಲ ಪಟ್ಟಿಯಲ್ಲಿ ಮೂವತ್ತಿದ್ದವು.

ನಿನ್ನ ಮೊದಲ ಪ್ರಶ್ನೆ ನೋಡು: ‘ಇಂದಿನ ಸಂದರ್ಭದಲ್ಲಿ ಸಮಾಜವಾದಿ ಚಳವಳಿಯ ಪ್ರಸ್ತುತತೆಯನ್ನು ಹೇಗೆ ಗ್ರಹಿಸುತ್ತೀರಿ?’ ಇದನ್ನು ಕೇಳಿದ್ದೇ ತಡ, ಆ ಹಿರಿಯರು ಕನ್ನಡಕ ಸರಿ ಮಾಡಿಕೊಂಡು, ಕುವೆಂಪು ರಂಗಮಂದಿರದ ಮೈಕಿನ ಮುಂದೆ ನಿಂತವರ ಹಾಗೆ ಶುರು ಮಾಡುತ್ತಾರೆ. ನಲವತ್ತು ವರ್ಷದಿಂದ ಮಾಡಿದ ಭಾಷಣ ಅದು. ಬಾಯಿಪಾಠ. ಮುಗಿಯುವ ಹೊತ್ತಿಗೆ ಕಾಫಿ ಬರುತ್ತದೆ. ಕಾಫಿ ಹಿಂದೆಯೇ ಯಾರೋ ಮದುವೆ ಕಾಗದ ಹಿಡಿದು ಬರುತ್ತಾರೆ. ನೀನು ಎದ್ದು ಬರಬೇಕಾಗುತ್ತದೆ.

ದೊಡ್ಡವರ ಹತ್ತಿರ ದೊಡ್ಡ ಪ್ರಶ್ನೆ ಕೇಳಬೇಡ. ಅದಕ್ಕೆಲ್ಲ ಅವರ ಹತ್ತಿರ ಉತ್ತರ ರೆಡಿ ಇರುತ್ತದೆ. ಸಣ್ಣದು ಕೇಳು.

ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನ ರೈತ ಸತ್ಯಾಗ್ರಹವನ್ನೇ ತಗೋ. 1951ರಲ್ಲಿ ಗೇಣಿದಾರರು ಗದ್ದೆಗೆ ಇಳಿದದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದು, ಮರುವರ್ಷ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಚುನಾವಣೆ ಗೆದ್ದದ್ದು, ಇದೆಲ್ಲ ಪುಸ್ತಕದಲ್ಲಿದೆ. ಮನೆಯಲ್ಲೇ ಓದಿಕೊಂಡು ಹೋಗು. ಅವರ ಸಮಯ ಅದಕ್ಕೆ ಹಾಳು ಮಾಡಬೇಡ. ಆದರೆ ಆ ಇಡೀ ಜಗಳದ ನಡುವೆ ಇದ್ದದ್ದು ಒಂದು ಕೊಳಗ, ಭತ್ತ ಅಳೆಯುವ ಪಾತ್ರೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ತರುತ್ತಿದ್ದರು. ಅದರಲ್ಲಿ ಅಳೆಯಕೂಡದು ಅಂತ ರೈತರು ಪಟ್ಟು ಹಿಡಿದರು. ಹಾಗಾಗಿ ಕೇಳು: ನಿಮ್ಮೂರಿನ ಕೊಳಗ ಎಷ್ಟು ಸೇರಿನದು? ಅಳೆಯುತ್ತಿದ್ದವರು ಯಾರು? ಅಳೆಯುವಾಗ ನಿಮ್ಮಪ್ಪ ಎಲ್ಲಿ ನಿಂತಿರುತ್ತಿದ್ದರು, ಅಂಗಳದಲ್ಲೋ ಜಗಲಿ ಮೇಲೋ?

ಈ ಕೊನೆಯದನ್ನು ಮರೆಯಬೇಡ. ಜಗಲಿ ಹತ್ತಬಹುದಿತ್ತೋ ಇಲ್ಲವೋ ಅನ್ನುವ ಒಂದು ಮಾತಲ್ಲಿ ನಿನ್ನ ಪಟ್ಟಿಯ ಹತ್ತು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅಲ್ಲಿಂದ ನಿಧಾನಕ್ಕೆ 1974ರ ಭೂಸುಧಾರಣೆಗೆ ಬಾ. ಊರಿನಲ್ಲಿ ಉಳುವ ಗದ್ದೆ ತಮಗೆ ಬರಬೇಕು ಅಂತ ಡಿಕ್ಲರೇಶನ್ ಹಾಕಿದವರು ಯಾರು, ಒಡೆಯರ ಮುಖ ನೋಡಿ ಹಾಕದೇ ಬಿಟ್ಟವರು ಯಾರು? ಹಾಕದೇ ಬಿಟ್ಟವರ ಕಥೆಯನ್ನು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ.

ಮುಳುಗಡೆಯ ವಿಷಯವೂ ಹಾಗೇ. ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ತುಂಬಿದರೆ ನೀರಿನ ಮಟ್ಟ 1819 ಅಡಿ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ‘ನಾಡಿಗೆ ಬೆಳಕು ಕೊಟ್ಟವರು’ ಅನ್ನುವ ಭಾಷಣವೂ ಗೊತ್ತು. ಮನೆ ಬಿಡುವಾಗ ಬಾಗಿಲು, ದಾರಂದ ಕಿತ್ತುಕೊಂಡು ಬಂದಿರಾ, ಅದು ಈಗ ಎಲ್ಲಿದೆ ಅಂತ ಒಬ್ಬರನ್ನು ಕೇಳಿದ್ದೆ. ಅವರು ಎದ್ದು ಹಿತ್ತಲಿಗೆ ಕರೆದುಕೊಂಡು ಹೋದರು. ಕೊಟ್ಟಿಗೆಗೆ ಹಾಕಿದ್ದರು.

ಈಗ ನನ್ನ ಪೆದ್ದುತನ ಒಂದು ಹೇಳಬೇಕು. ನಿನ್ನ ವಯಸ್ಸಿನಲ್ಲಿ ಒಬ್ಬ ರಾಜಕಾರಣಿಯ ಸಂದರ್ಶನ ಮಾಡಿದ್ದೆ. ‘ಕಾಗೋಡಿನಲ್ಲಿ ನಾನೂ ಏಟು ತಿಂದವನು’ ಅಂದರು. ನನಗೆ ರೋಮಾಂಚನ. ಹಾಗೇ ಬರೆದೆ, ಅಚ್ಚಾಯಿತು. ವಾರ ಕಳೆದು ಒಂದು ಕಾರ್ಡು ಬಂತು. ‘ಆ ವರ್ಷ ಅವನು ನನ್ನ ಜೊತೆ ಮೂರನೇ ಕ್ಲಾಸಿನಲ್ಲಿದ್ದ. ಏಟು ತಿಂದದ್ದು ನಿಜ. ಹೊಡೆದವರು ನಮ್ಮ ಮೇಷ್ಟ್ರು.’ ತಪ್ಪು ನನ್ನದೇ. ಹುಟ್ಟಿದ ವರ್ಷ ಕಳೆದು ನೋಡುವುದಕ್ಕೆ ಎರಡು ಕೈ ಬೆರಳು ಸಾಕಿತ್ತು. ಅವರು ಬೇಕಂತಲೇ ಸುಳ್ಳು ಹೇಳಿದರು ಅಂತ ಈಗ ಅನ್ನಿಸುವುದಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಕೇಳಿ ಕೇಳಿ ತಾನೂ ಅಲ್ಲಿದ್ದೆ ಅನ್ನಿಸಿಬಿಟ್ಟಿರಬೇಕು. ನೀನು ಮಾತ್ರ ಇಸವಿ, ವಯಸ್ಸು ಎರಡನ್ನೂ ಪಕ್ಕಪಕ್ಕ ಬರೆದುಕೋ. ಆಮೇಲೆ ಸಂದರ್ಶನ ಕೊಟ್ಟವರಿಗೆ ಫೋನು ಮಾಡಿ ಇಸವಿ, ಹೆಸರು ಇಷ್ಟನ್ನು ಓದಿ ಹೇಳು. ಪೂರ್ತಿ ಬರಹ ತೋರಿಸಬೇಡ. ರುಚಿಯಾದದ್ದನ್ನೆಲ್ಲ ಹೊಡೆದು ಹಾಕುತ್ತಾರೆ. ‘ಇದು ಬರೀಬೇಡ’ ಅಂದದ್ದನ್ನು ಬರೀಬೇಡ. ಅಷ್ಟೇ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ಮಿನ ಶಿಬಿರದ ಬಗ್ಗೆ ನೀನು ಬರೆದದ್ದನ್ನೂ ಓದಿದೆ. ಭಾಷಣಕಾರರು ಏಳು ಸಲ ‘ಅಭಿಪ್ರಾಯಪಟ್ಟರು’, ಎರಡು ಸಲ ‘ವಿಷಾದಿಸಿದರು’, ಕೊನೆಗೆ ‘ಕರೆ ನೀಡಿದರು’. ಅವರು ಎತ್ತರವೋ ಕುಳ್ಳೋ ನನಗೆ ಗೊತ್ತಾಗಲಿಲ್ಲ. ಭಾಷಣ ಮುಗಿದಲ್ಲಿಗೆ ನಿನ್ನ ವರದಿಯೂ ಮುಗಿದಿದೆ. ಊಟಕ್ಕೆ ಓಡಿದೆಯಾ? ನೀನಾಸಮ್ಮಿನಲ್ಲಿ ನನಗೆ ಯಾವತ್ತೂ ಇಷ್ಟವಾದದ್ದು ಆಮೇಲಿನ ಸಂವಾದ. ತೋಟದ ಕೆಲಸ ಬಿಟ್ಟು ಬಂದವರೊಬ್ಬರು ಹಿಂದಿನ ಸಾಲಿನಲ್ಲಿ ಎದ್ದು ಏನೋ ಕೇಳುತ್ತಾರೆ. ವೇದಿಕೆ ಮೇಲಿದ್ದವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟು ಒಂದು ಕ್ಷಣ ಸುಮ್ಮನಾಗುತ್ತಾರೆ. ವರದಿಯನ್ನು ಅಲ್ಲಿಂದ ಶುರು ಮಾಡಬಹುದಿತ್ತು ಅಲ್ವಾ?

ಇನ್ನೊಂದು, ಅವರ ಮಾತನ್ನು ತೊಳೆಯಬೇಡ. ‘ಎಂತ ಮಾಡುದು, ಆಗ ಹೊಟ್ಟೆಗೇ ಇರ್ಲಿಲ್ಲ’ ಅಂದದ್ದನ್ನು ನಾವು ‘ಅಂದು ತೀವ್ರ ಆರ್ಥಿಕ ಸಂಕಷ್ಟವಿತ್ತು’ ಅಂತ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೇನೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲೇ ಕನ್ನಡ ಮಾತಾಡಿದವರು. ಆ ಜಿಲ್ಲೆಯವರ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕಬೇಡ ಮಾರಾಯ್ತಿ.

ರೆಕಾರ್ಡಿಂಗ್ ವಿಷಯ ಕೇಳಿದ್ದೀಯ. ಫೋನು ಸಾಕು, ಕೇಳಿಯೇ ಆನ್ ಮಾಡು. ಆದರೆ ಆಷಾಢದ ಮಳೆ ನಂಬಬೇಡ. ತಗಡಿನ ಮಾಡಿನ ಕೆಳಗೆ ಕೂತರೆ ಮನೆಗೆ ಬಂದು ಕೇಳುವಾಗ ಬರೀ ಮಳೆ ಇರುತ್ತದೆ, ಮನುಷ್ಯರು ಇರುವುದಿಲ್ಲ. ಒಳಗಿನ ಕೋಣೆಗೆ ಕರೆಯಲು ಹೇಳು. ನೋಟ್‌ಬುಕ್ಕೂ ಇರಲಿ. ಮನೆಯವರು ಬಾಗಿಲ ಹತ್ತಿರ ನಿಂತು ‘ಅದು ಹಾಗಲ್ಲ’ ಅಂದರೆ, ಪೆನ್ನು ಅವರ ಕಡೆ ತಿರುಗಿಸು.

ನೀನು ಹೋಗುವ ಆ ಹಿರಿಯರದು ಹಳೇ ಮನೆ. ಅಟ್ಟದಲ್ಲಿ ಕೊಳಗ ಇದ್ದರೂ ಇರಬಹುದು. ಇದ್ದರೆ ಇಳಿಸಿಕೊಡಲು ಹೇಳಿ, ಅವರ ಮನೆಯ ಸೇರಿನಲ್ಲೇ ಅಕ್ಕಿ ತುಂಬಿಸಿ ಎಣಿಸಿ ನೋಡು. ಎಷ್ಟು ಬಂತು ಅಂತ ನನಗೂ ಬರೆ.