ಅವ ಆಕಿ ಗಂಡ ಏನು?

ಎಲ್ಲರಿಗೂ ನಮಸ್ಕಾರ.

ಚಳಿಗಾಲದ ಸಂಚಿಕೆಯ ಸಂಪಾದಕೀಯ ಅಂದರೆ ಹಿಮ, ಹೀಟರ್ ಬಿಲ್ಲು, ಊರಿನ ಬಿಸಿಲಿನ ನೆನಪು, ಇಷ್ಟರಲ್ಲೇ ಮುಗಿಯಬೇಕು ಅನ್ನೋದು ನಮ್ಮ ಸುದ್ದಿಪತ್ರದಲ್ಲಿ ಯಾರೂ ಬರೆದಿಡದ ನಿಯಮ. ಈ ಸಲ ಅದನ್ನು ಬಿಟ್ಟುಬಿಡೋಣ. ನಾನು ಬರೆಯಬೇಕು ಅಂದುಕೊಂಡಿರೋದು ಅಲ್ಯೋನಾ ಸಾವ್ಚೆಂಕೊ ಬಗ್ಗೆ. 2018ರ ಒಲಿಂಪಿಕ್ಸ್‌ನಲ್ಲಿ ಜರ್ಮನಿಗೆ ಜೋಡಿ ಸ್ಕೇಟಿಂಗ್ (ಒಂದು ಹೆಣ್ಣು, ಒಂದು ಗಂಡು ಕೂಡಿ ಐಸ್ ಮೇಲೆ ಜಾರುತ್ತಾ ಆಡುವ ಆಟ) ಚಿನ್ನ ತಂದುಕೊಟ್ಟರಲ್ಲ, ಅವರೇ. ಜರ್ಮನಿಗೆ ಆ ಆಟದಲ್ಲಿ 1952ರ ನಂತರ ಸಿಕ್ಕ ಮೊದಲ ಚಿನ್ನ ಅದು.

ಯಾಕೆ ಈಗ ಅಂತ ಕೇಳಬಹುದು. ಕಾರಣ ನಮ್ಮಲ್ಲೇ ಇದೆ. ರಾಜ್ಯೋತ್ಸವದ ಯುಗಳ ಗೀತೆಗೆ ಕೊನೇ ಗಳಿಗೆಯಲ್ಲಿ ಹಾಡುವವರ ಜೋಡಿ ಬದಲಾಯಿತು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಏನೇನು ಓಡಾಡಿತು ಅನ್ನೋದು ನಿಮಗೇ ಗೊತ್ತು. ಒಬ್ಬರ ಜೊತೆ ನಿಲ್ಲೋದಿಲ್ಲ ಅನ್ನೋ ಮಾತು ಮುಕ್ಕಾಲು ಪಾಲು ಹೆಂಗಸಿನ ಮೇಲೇ ಬಂತು ಅನ್ನೋದೂ ಗೊತ್ತು.

ಇದೇ ಮಾತನ್ನು ನಾನು ಬೇಸಿಗೆಯಲ್ಲಿ ಬಳ್ಳಾರಿಯಲ್ಲೂ ಕೇಳಿಕೊಂಡು ಬಂದಿದ್ದೆ. ಅಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿರಲಿಲ್ಲ, ನಲವತ್ತು ಡಿಗ್ರಿ ದಾಟಿತ್ತು. ಕೌಲ್ ಬಜಾರ್ ಕಡೆಯಿಂದ ತಂದ ವಗ್ಗರಣಿ ಮಿರ್ಚಿ ಪೊಟ್ಟಣ ನಡುವೆ ಬಿಚ್ಚಿಟ್ಟುಕೊಂಡು ಎಲ್ಲರೂ ಫ್ಯಾನ್ ಕೆಳಗೆ ಕೂತಿದ್ದೆವು. ದೊಡ್ಡಮ್ಮ, ಸಿರಿಗುಪ್ಪದಿಂದ ಬಂದಿದ್ದ ಮಾವ, ಜೀನ್ಸ್ ಹೊಲಿಗೆ ಯೂನಿಟ್ ಇಟ್ಟುಕೊಂಡಿರುವ ಚಿಕ್ಕಪ್ಪನ ಮಗ. ಐಸ್ ಅಂದರೆ ಮದುವೆ ಮನೆಗೆ ಗೋಣಿಚೀಲದಲ್ಲಿ ಸುತ್ತಿ ತರುವ ದಪ್ಪ ಗಟ್ಟಿ ಅಂತ ಬಲ್ಲವರು ಇವರು. ಸುಮ್ನೆ ಕಣ್ಣಿಗಾದರೂ ತಂಪಾಗಲಿ ಅಂತ ನಾನು ಫೋನಿನಿಂದ ಟಿವಿಗೆ 2018ರ ಆ ಆಟ ಹಾಕಿದೆ.

ದೊಡ್ಡಮ್ಮ ಅರ್ಧ ನಿಮಿಷ ನೋಡಿದರು. ಗಂಡಸು ಆಕೆಯನ್ನು ತಲೆಯ ಮೇಲಕ್ಕೆತ್ತಿ ಒಂದೇ ಕೈಯಲ್ಲಿ ಹಿಡಿದು ತಿರುಗುತ್ತಿದ್ದ.

"ಅವ ಆಕಿ ಗಂಡ ಏನು?"

"ಅಲ್ಲ ದೊಡ್ಡಮ್ಮ, ಜೊತೆಗಾರ ಅಷ್ಟೇ."

"ಮತ್ತ ಗಂಡ?"

"ಗಂಡ ಬೇರೆ ಇದ್ದಾರೆ. 2016ರಲ್ಲಿ ಮದುವೆ ಆಗಿದೆ."

"ಅಂವ ಇದನ್ನೆಲ್ಲ ನೋಡ್ಕೋತ ಕುಂದರ್ತಾನೇನವ್ವ?"

ಎಲ್ಲರೂ ನಕ್ಕೆವು. ಆದರೆ ಅವರಿಗೆ ಮುಂದಿನ ಪ್ರಶ್ನೆ ರೆಡಿ ಇತ್ತು. ಮೊದಲಿಂದ ಇವನ ಜೊತೆಗೇ ಆಡ್ತಿದ್ದಳಾ? ಇಲ್ಲ, ಇದಕ್ಕೆ ಮುಂಚೆ ಬೇರೆಯವರಿದ್ದರು ಅಂದೆ. ಅವರಿಗಿಂತ ಮುಂಚೆ? ಅದಕ್ಕೂ ಮುಂಚೆ ಒಬ್ಬರಿದ್ದರು. ಆಗ ನಮ್ಮ ಜೀನ್ಸ್ ಅಣ್ಣ ಮಿರ್ಚಿ ಅಗಿಯುತ್ತಲೇ ತೀರ್ಪು ಕೊಟ್ಟ: "ಅಂದ್ರ ಒಬ್ಬನ ಜೋಡಿ ನಿಂದ್ರೋದಿಲ್ಲ ಅನ್ನು."

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವರಿಗೆ ಇಡೀ ಕತೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಸಾವ್ಚೆಂಕೊ ಹುಟ್ಟಿದ್ದು 1984ರಲ್ಲಿ, ಉಕ್ರೇನಿನ ಕೀವ್ ಹತ್ತಿರದ ಒಬುಖಿವ್ ಅನ್ನೋ ಊರಲ್ಲಿ. ಸ್ತಾನಿಸ್ಲಾವ್ ಮೊರೊಜೊವ್ ಜೊತೆ 2000ದಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಉಕ್ರೇನ್ ಪರ ಆಡಿ 15ನೇ ಸ್ಥಾನ. ಅಲ್ಲಿಗೆ ಆ ಜೋಡಿ ಮುಗಿಯಿತು. ವಯಸ್ಸು ಹದಿನೆಂಟು, ಜೊತೆಗಾರನಿಲ್ಲ. ಜೋಡಿ ಸ್ಕೇಟಿಂಗ್‌ನಲ್ಲಿ ಜೊತೆಗಾರನಿಲ್ಲ ಅಂದರೆ ಆಟವೇ ಇಲ್ಲ. ಈ ಆಟಕ್ಕೆ ಬರುವ ಹುಡುಗಿಯರು ಜಾಸ್ತಿ, ಹುಡುಗರು ಕಮ್ಮಿ. ಅದಕ್ಕೇ ಹುಡುಗಿಯರು ದೇಶ ದಾಟಿ ಜೊತೆಗಾರರನ್ನು ಹುಡುಕಿಕೊಂಡು ಹೋಗುತ್ತಾರೆ. ಇವರೂ 2003ರಲ್ಲಿ ಜರ್ಮನಿಗೆ ಬಂದರು. ಕೆಮ್ನಿಟ್ಸ್ ಊರಲ್ಲಿ ಇಂಗೋ ಸ್ಟೋಯರ್ ಅನ್ನೋ ಕೋಚ್ ಹತ್ತಿರ ರಾಬಿನ್ ಶೋಲ್ಕೋವಿ ಜೊತೆ ಸೇರಿಕೊಂಡರು. ಹತ್ತೊಂಬತ್ತರ ಹುಡುಗಿ, ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಊರು. ನಮ್ಮಲ್ಲಿ ಎಷ್ಟೋ ಜನ ಹಾಗೇ ಬಂದವರು, ಆದರೆ ನಮ್ಮನ್ನು ಯಾರೂ ಮೇಲಕ್ಕೆ ಎಸೆಯಲಿಲ್ಲ ಅಷ್ಟೇ.

ಈ ಎಸೆತ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಬ್ಬರೂ ಜೋರಾಗಿ ಜಾರುತ್ತಿರುತ್ತಾರೆ. ಗಂಡಸು ಆಕೆಯ ಸೊಂಟ ಹಿಡಿದು, ಮಂಡಿ ಬಗ್ಗಿಸಿ, ಎಸೆಯುತ್ತಾನೆ. ಆಕೆ ಗಾಳಿಯಲ್ಲಿ ಕೈ ಎದೆಗೆ ಒತ್ತಿಕೊಂಡು ಮೂರು ಸುತ್ತು ತಿರುಗಿ, ಹಿಮ್ಮುಖವಾಗಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ಆ ಕಾಲಿನ ಕೆಳಗಿರುವ ಬ್ಲೇಡಿನ ದಪ್ಪ ನಾಲ್ಕೈದು ಮಿಲಿಮೀಟರ್. ಆತ ಬಿಡುವ ಗಳಿಗೆ, ಆಕೆ ನೆಗೆಯುವ ಗಳಿಗೆ ಒಂದೇ ಆಗಿರಬೇಕು. ಒಂದು ಚೂರು ಮುಂಚೆ ಬಿಟ್ಟರೆ ಎತ್ತರ ಸಾಲದು, ಒಂದು ಚೂರು ತಡ ಆದರೆ ಮೈ ಓರೆಯಾಗಿ ಬೀಳುತ್ತಾಳೆ. ಇನ್ನು ಡೆತ್ ಸ್ಪೈರಲ್ ಅಂತ ಒಂದಿದೆ. ಆತ ಒಂದು ಕಾಲಿನ ಬ್ಲೇಡಿನ ಮುಂದಿನ ಹಲ್ಲನ್ನು ಐಸಿಗೆ ಚುಚ್ಚಿ ನಿಂತು ತಿರುಗುತ್ತಾನೆ, ಆಕೆ ಅವನ ಒಂದು ಕೈ ಹಿಡಿದು ತಲೆ ನೆಲಕ್ಕೆ ತಾಗುವಷ್ಟು ಕೆಳಗೆ ಮಲಗಿ ಅವನ ಸುತ್ತ ಸುತ್ತುತ್ತಾಳೆ. ಹೆಸರೇ ಹೇಳುತ್ತೆ, ಕೈ ಬಿಟ್ಟರೆ ಏನಾಗುತ್ತೆ ಅಂತ.

ಜೊತೆಗಾರ ಬದಲಾದರೆ ಇದೆಲ್ಲ ಮತ್ತೆ ಮೊದಲಿಂದ. ಹೊಸಬನ ತೋಳಿನ ಉದ್ದ ಬೇರೆ, ಒಂದು ತಳ್ಳಿಗೆ ಅವನು ಜಾರುವ ದೂರ ಬೇರೆ, ಮಂಡಿ ಬಗ್ಗಿಸುವ ಲಯ ಬೇರೆ. ಇಷ್ಟು ಹೇಳುವಷ್ಟರಲ್ಲಿ ಸಿರಿಗುಪ್ಪದ ಮಾವ ನಡುವೆ ಬಾಯಿ ಹಾಕಿದರು. ಅವರದು ಗದ್ದೆ ಮನೆತನ, ಟ್ರ್ಯಾಕ್ಟರ್ ಬರುವ ಮುಂಚಿನ ಕಾಲ ಕಂಡವರು. "ಜೋಡೆತ್ತಿನ್ಯಾಗ ಒಂದು ಹೋದ್ರ ಉಳಿದಿದ್ದಕ್ಕ ಜೋಡಿ ಹುಡುಕೋದು ಏನ್ ಹುಡುಗಾಟ ಅಂತ ತಿಳ್ಕೊಂಡೀಯೇನಲೇ?" ಅಂತ ಅಣ್ಣನಿಗೇ ಗದರಿದರು. "ಎತ್ತರ ಕೂಡಬೇಕು, ನಡಿಗಿ ಕೂಡಬೇಕು. ಬಲಕ್ಕ ರೂಢಿ ಇದ್ದದ್ದು ಎಡಕ್ಕ ಬರೋದಿಲ್ಲ. ಒಂದ್ ಹಂಗಾಮು ಪೂರ್ತಿ ಹೋಗ್ತೈತಿ." ಹೆಣ್ಣುಮಗಳನ್ನು ಎತ್ತಿಗೆ ಹೋಲಿಸಬೇಡ ಅಂತ ದೊಡ್ಡಮ್ಮ ಬೈದರು. ಆದರೆ ಅಣ್ಣನ ಬಾಯಿ ಮುಚ್ಚಿಸಿದ್ದು ನನ್ನ ಮಿಲಿಮೀಟರ್ ಅಲ್ಲ, ಮಾವನ ಎತ್ತೇ.

ಮುಂದೆ ಕೇಳಿ. ಶೋಲ್ಕೋವಿ ಜೊತೆ ಸಾವ್ಚೆಂಕೊ ಐದು ಸಲ ವಿಶ್ವ ಚಾಂಪಿಯನ್ ಆದರು: 2008, 2009, 2011, 2012, 2014. ಒಲಿಂಪಿಕ್ಸ್ ಚಿನ್ನ ಮಾತ್ರ ಬರಲೇ ಇಲ್ಲ. 2006ರಲ್ಲಿ ಆರನೇ ಸ್ಥಾನ, 2010ರಲ್ಲಿ ಕಂಚು, 2014ರ ಸೋಚಿಯಲ್ಲಿ ಮತ್ತೆ ಕಂಚು. ಸೋಚಿಯಲ್ಲಿ ಚಿನ್ನ ಗೆದ್ದವರು ಯಾರು ಗೊತ್ತಾ? ರಷ್ಯಾದ ಪರ ಆಡಿದ ತತಿಯಾನಾ ವೊಲೊಸೊಝಾರ್ ಮತ್ತು ಮ್ಯಾಕ್ಸಿಮ್ ತ್ರಾಂಕೊವ್. ಈ ವೊಲೊಸೊಝಾರ್ ಅದಕ್ಕೂ ಮುಂಚೆ ಉಕ್ರೇನ್ ಪರ ಆಡುತ್ತಿದ್ದರು. ಯಾರ ಜೊತೆ? ಸಾವ್ಚೆಂಕೊ ಅವರ ಹಳೆಯ ಜೊತೆಗಾರ ಮೊರೊಜೊವ್ ಜೊತೆ! ಇಲ್ಲಿಗೆ ಬಂದಾಗ ದೊಡ್ಡಮ್ಮ "ತಡಿ ತಡಿ" ಅಂದು ಬೆರಳು ಮಡಚಿ ಲೆಕ್ಕ ಹಾಕಿದರು. ಯಾರ ಮನೆ ಸೊಸೆ ಯಾರ ಮನೆಗೆ ಹೇಗೆ ನೆಂಟಳಾಗಬೇಕು ಅನ್ನೋದನ್ನು ಇಡೀ ಕೊಪ್ಪಳ ಜಿಲ್ಲೆಯವರೆಗೆ ಬಾಯಿಪಾಠ ಮಾಡಿರುವ ಹೆಂಗಸು, ಅವರಿಗೆ ಇದೇನು ಮಹಾ.

ಸೋಚಿ ಆದಮೇಲೆ ಶೋಲ್ಕೋವಿ ನಿವೃತ್ತಿ ಆದರು. ನೆನಪಿರಲಿ, ಬಿಟ್ಟವರು ಅವರು. ಸಾವ್ಚೆಂಕೊಗೆ ಆಗ ಮೂವತ್ತು. ಐದು ವಿಶ್ವ ಪ್ರಶಸ್ತಿ ಮನೆಯಲ್ಲಿವೆ, ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ಫ್ರಾನ್ಸಿನ ಬ್ರೂನೊ ಮಾಸೊ ಅನ್ನೋ, ತಮಗಿಂತ ಐದು ವರ್ಷ ಚಿಕ್ಕವನ ಜೊತೆ ಒಬರ್ಸ್ಟ್‌ಡೋರ್ಫ್‌ನಲ್ಲಿ ಅಲೆಕ್ಸಾಂಡರ್ ಕ್ಯೋನಿಗ್ ಹತ್ತಿರ ಶುರು ಮಾಡಿದರು. ಆಕೆ ಐದಡಿ, ಆತ ಆರಡಿ ಆಳು.

ಇಲ್ಲಿಂದ ನಮ್ಮ ನಿಮ್ಮ ಕತೆ ಶುರು, ಅಂದರೆ ಕಾಗದಪತ್ರದ ಕತೆ. ಒಂದು ದೇಶದ ಪರ ಆಡಿದವನು ಇನ್ನೊಂದು ದೇಶದ ಪರ ಆಡಬೇಕಾದರೆ ಹಳೆಯ ದೇಶದ ಒಕ್ಕೂಟ ಬಿಡುಗಡೆ ಪತ್ರ ಕೊಡಬೇಕು. ಫ್ರಾನ್ಸಿನವರು ಕೊಡಲಿಲ್ಲ. ಇಡೀ 2014-15ರ ಸೀಸನ್ ಇಬ್ಬರೂ ಎಲ್ಲೂ ಸ್ಪರ್ಧಿಸಲಾಗದೆ ಅಭ್ಯಾಸ ಮಾಡಿಕೊಂಡೇ ಕಳೆದರು. ಕೊನೆಗೆ 2015ರ ಅಕ್ಟೋಬರಿನಲ್ಲಿ, 30,000 ಯೂರೋ ಕಟ್ಟಿದ ಮೇಲೆ, ಬಿಡುಗಡೆ ಸಿಕ್ಕಿತು. ಅಷ್ಟಕ್ಕೇ ಮುಗಿಯಲಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ಗೆ ಇಬ್ಬರಲ್ಲಿ ಒಬ್ಬರು ಆ ದೇಶದ ಪ್ರಜೆ ಆಗಿದ್ದರೆ ಸಾಕು, ಒಲಿಂಪಿಕ್ಸ್‌ಗೆ ಇಬ್ಬರೂ ಆಗಿರಲೇಬೇಕು. ಹಾಗಾಗಿ ಮಾಸೊ ಜರ್ಮನ್ ಪಾಸ್‌ಪೋರ್ಟ್ ತಗೋಬೇಕು, ಅದಕ್ಕೆ ಜರ್ಮನ್ ಭಾಷೆಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಫೇಲ್! ಮೂರನೇ ಸಲ ಪಾಸಾಗಿದ್ದು 2017ರ ನವೆಂಬರಿನಲ್ಲಿ, ಒಲಿಂಪಿಕ್ಸ್ ಇನ್ನು ಮೂರೇ ತಿಂಗಳಿರುವಾಗ. ಯಾವ ಜರ್ಮನ್ ಪದಕ್ಕೆ ಡೆರ್, ಯಾವುದಕ್ಕೆ ಡಿ, ಯಾವುದಕ್ಕೆ ಡಾಸ್ ಅಂತ ಬಾಯಿಪಾಠ ಮಾಡುತ್ತಾ ರಾತ್ರಿ ಕಳೆದಿರುವ ನಮ್ಮ ಸದಸ್ಯರೆಲ್ಲ ಈ ಮನುಷ್ಯನಿಗೆ ಒಂದು ಶಾಲು ಹೊದಿಸಬೇಕು, ನನ್ನ ಕೇಳಿದರೆ.

2018ರ ಫೆಬ್ರವರಿ 14, ಮೊದಲ ದಿನ. ಮೂರು ಸುತ್ತಿನ ಜಿಗಿತವನ್ನು ಮಾಸೊ ಎರಡೇ ಸುತ್ತಿಗೆ ಇಳಿಸಿಬಿಟ್ಟ. 76.59 ಅಂಕ, ನಾಲ್ಕನೇ ಸ್ಥಾನ. ಮುಂದಿದ್ದ ಚೀನಾದ ಸುಯಿ ವೆನ್‌ಜಿಂಗ್, ಹಾನ್ ಕಾಂಗ್ ಜೋಡಿಗೆ 82.39. ಮಾರನೇ ದಿನ ನಾಲ್ಕೂವರೆ ನಿಮಿಷದ ಆಟ. ಇವರು ಮೊದಲು ಆಡಿ 159.31 ಅಂಕ ತಗೊಂಡರು, ಆಗಿನ ವಿಶ್ವದಾಖಲೆ. ಆಮೇಲೆ ಕೂತು ಕಾಯಬೇಕು, ಇನ್ನೂ ಮೂರು ಜೋಡಿ ಬಾಕಿ. ನಾನು ಟಿವಿಯನ್ನು ಇಲ್ಲೇ ನಿಲ್ಲಿಸಿ ಅಣ್ಣನನ್ನು ಕೇಳಿದೆ, ಏನಾಯ್ತು ಹೇಳು ಅಂತ. ಅವನು ಸೋತಿರ್ತಾರೆ ಅಂದ. ಒಟ್ಟು 235.90 ಇವರಿಗೆ, 235.47 ಚೀನಾದವರಿಗೆ. ಅರ್ಧ ಅಂಕವೂ ಇಲ್ಲ. ಇದು ಸಾವ್ಚೆಂಕೊ ಅವರ ಐದನೇ ಒಲಿಂಪಿಕ್ಸ್, ಮೂರನೇ ಜೊತೆಗಾರ, ವಯಸ್ಸು 34.

ಇನ್ನೊಂದು ವಿಷಯ. ಅವತ್ತು ಮೊದಲ ದಿನ ಎರಡನೇ ಸ್ಥಾನದಲ್ಲಿದ್ದು ಕೊನೆಗೆ ನಾಲ್ಕಕ್ಕೆ ಇಳಿದ ರಷ್ಯಾದ ಜೋಡಿಗೆ ಕೋಚ್ ಆಗಿದ್ದವರಲ್ಲಿ ಒಬ್ಬರು ರಾಬಿನ್ ಶೋಲ್ಕೋವಿ. ಹೌದು, ಹಳೆಯ ಜೊತೆಗಾರನೇ.

ಜೋಡಿ ಬದಲಾದಾಗ ಬಿಟ್ಟುಹೋದವರ ಸುದ್ದಿ ಬರುತ್ತೆ, ಉಳಿದವರ ಸುದ್ದಿ ಬರೋದಿಲ್ಲ. ಸೋವಿಯತ್ ಕಾಲದ ಇರಿನಾ ರೊದ್ನಿನಾ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅವರೂ ಅಲೆಕ್ಸಿ ಉಲಾನೊವ್ ಕೂಡಿ 1972ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು. ಉಲಾನೊವ್ ಮನಸ್ಸು ಕೊಟ್ಟಿದ್ದು ಬೆಳ್ಳಿ ಗೆದ್ದ ಜೋಡಿಯ ಲ್ಯುದ್ಮಿಲಾ ಸ್ಮಿರ್ನೊವಾಗೆ. ಆತ ರೊದ್ನಿನಾರನ್ನು ಬಿಟ್ಟು ಸ್ಮಿರ್ನೊವಾ ಜೊತೆ ಸೇರಿದ. ರೊದ್ನಿನಾ ಅಲೆಕ್ಸಾಂಡರ್ ಜೈತ್ಸೆವ್ ಅನ್ನೋ ಹೊಸಬನನ್ನು ಕಟ್ಟಿಕೊಂಡು 1973ರಲ್ಲಿ ಬ್ರಾಟಿಸ್ಲಾವಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಬಂದರು. ಆಟದ ನಡುವೆ ಸಂಗೀತ ನಿಂತುಹೋಯಿತು. ಇಬ್ಬರೂ ನಿಲ್ಲದೆ, ಬರೀ ಬ್ಲೇಡಿನ ಸದ್ದಿನಲ್ಲಿ, ಕೊನೆಯವರೆಗೆ ಆಡಿ ಗೆದ್ದರು. ಬೆಳ್ಳಿ ಬಂದಿದ್ದು ಉಲಾನೊವ್, ಸ್ಮಿರ್ನೊವಾಗೆ. ಆಮೇಲೆ 1976, 1980ರ ಒಲಿಂಪಿಕ್ಸ್ ಚಿನ್ನವೂ ರೊದ್ನಿನಾ, ಜೈತ್ಸೆವ್ ಅವರದೇ. ಇವರಿಬ್ಬರು ಮದುವೆಯನ್ನೂ ಆದರು ಅಂದಾಗ ದೊಡ್ಡಮ್ಮನಿಗೆ ಸಮಾಧಾನ. ಆದರೆ ಸ್ಮಿರ್ನೊವಾ ಜೊತೆ ಬೆಳ್ಳಿ ಗೆದ್ದಿದ್ದ ಆಂದ್ರೇ ಸುರೈಕಿನ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ವಯಸ್ಸಿನ ಮಾತೂ ಬಂತು. ನಲವತ್ತಕ್ಕೆ ಹೆಣ್ಣುಮಕ್ಕಳು ಮಂಡಿ ನೋವಿನ ಎಣ್ಣೆ ಹಚ್ಚಿಕೊಳ್ಳೋದು ಬಿಟ್ಟು ಇನ್ನೇನು ಮಾಡುತ್ತಾರೆ ಅಂತ ಅಣ್ಣನ ವಾದ. ಡಿಯಾನಾ ಸ್ಟೆಲ್ಲಾಟೊ-ಡುಡೆಕ್ ಬಗ್ಗೆ ಹೇಳಿದೆ. ಹುಡುಗಿಯಾಗಿದ್ದಾಗ ಒಂಟಿ ಸ್ಕೇಟಿಂಗ್ ಆಡಿ, ಗಾಯದಿಂದ ಬಿಟ್ಟು, ಹದಿನಾರು ವರ್ಷದ ನಂತರ ವಾಪಸ್ ಬಂದು, ಜೋಡಿ ಆಟ ಹೊಸದಾಗಿ ಕಲಿತವರು. ಮೊದಲು ಅಮೆರಿಕದಲ್ಲಿ ಒಬ್ಬ ಜೊತೆಗಾರ, ಆಮೇಲೆ ಕೆನಡಾದ ಮ್ಯಾಕ್ಸಿಮ್ ಡೆಶಾಂ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು 40. ಡೆಶಾಂ ಅವರಿಗಂತೂ ಇದಕ್ಕೂ ಮುಂಚೆ ಸಾಲು ಸಾಲು ಜೊತೆಗಾರ್ತಿಯರಿದ್ದರು. ಆತನ ಬಗ್ಗೆ ಒಬ್ಬಳ ಜೋಡಿ ನಿಲ್ಲೋದಿಲ್ಲ ಅಂತ ನಮ್ಮಣ್ಣ ಅನ್ನಲಿಲ್ಲ, ಗಮನಿಸಿ.

ನನಗೆ ಅತ್ಯಂತ ಇಷ್ಟವಾದ ಪದಕ ಮಾತ್ರ 2018ರ ಚಿನ್ನ ಅಲ್ಲ. ಬಿಡುಗಡೆ ಪತ್ರ ಸಿಕ್ಕು ಆರು ತಿಂಗಳೂ ತುಂಬಿರಲಿಲ್ಲ, ಸಾವ್ಚೆಂಕೊ, ಮಾಸೊ ಇಬ್ಬರೂ ಕೂಡಿ ಆಡಿದ ಸ್ಪರ್ಧೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಅಂಥದ್ದರಲ್ಲಿ 2016ರ ಬಾಸ್ಟನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತಂದರಲ್ಲ, ಅದು. ಚಿನ್ನದ ಆಟವನ್ನು ಎಲ್ಲರೂ ನೋಡಿರುತ್ತೀರಿ. ಪುರುಸೊತ್ತಾದರೆ ಬಾಸ್ಟನ್ನಿನದು ಹುಡುಕಿ ನೋಡಿ.

ಸಂಕ್ರಾಂತಿ ಸಂಚಿಕೆಗೆ ಬರಹ ಕಳಿಸುವವರು ದಯವಿಟ್ಟು ಟೈಪ್ ಮಾಡಿಯೇ ಕಳಿಸಿ. ಹಾಳೆಯ ಫೋಟೋ ತೆಗೆದು ಕಳಿಸಿದರೆ ಕುಟ್ಟೋಳು ನಾನೊಬ್ಬಳೇ.