ಕಸೂತಿ ಬಟ್ಟೆಯ ಚೀಟಿಯಲ್ಲಿ ಎಳೆಯ ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

ಹಬ್ಬ, ಮದುವೆಯ ಹಂಗಾಮು ಬಂತೆಂದರೆ ಹುಬ್ಬಳ್ಳಿ–ಧಾರವಾಡದ ಬಟ್ಟೆ ಅಂಗಡಿಗಳಲ್ಲಿ ‘ಪ್ಯೂರ್ ಕಾಟನ್’ ಚೀಟಿ ಅಂಟಿಸಿದ ಥಾನುಗಳು ರಾಶಿ ಬೀಳುತ್ತವೆ. ಇದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಎಷ್ಟನೇ ನಂಬರಿನ ನೂಲು, ಇಂಚಿಗೆ ಎಷ್ಟು ಎಳೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ‘ತೊಗೊಂಡ್ ಹೋಗ್ರೀ ಅಕ್ಕಾರ, ಚಲೋ ಮಾಲ್ ಐತಿ’ ಎಂಬುದೇ ಗ್ಯಾರಂಟಿ. ಕೈಯಿಂದ ಕಸೂತಿ ಹಾಕಿ ಸಂಸಾರ ನಡೆಸುವ ನನ್ನಂಥವರಿಗೆ ಅಷ್ಟು ಸಾಲದು.

ಕಸೂತಿಗೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸುತ್ತಲೇ ಸೂಜಿ ಹೋಗಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ, ಯಾವ ಹೊಲಿಗೆಯೇ ಇರಲಿ, ಎಲ್ಲದಕ್ಕೂ ಎಣಿಕೆಯೇ ಆಧಾರ. ಗವಂತಿಯಲ್ಲಂತೂ ಎಲ್ಲೂ ಗಂಟು ಬೀಳದಂತೆ, ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಆದ್ದರಿಂದ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ಸಮನಾಗಿರುವ ಸಾದಾ ನೇಯ್ಗೆ ನಮಗೆ ಬೇಕು. 96 ಎಳೆ ಅಗಲ, 96 ಎಳೆ ಎತ್ತರದ ಒಂದು ತುಳಸಿಕಟ್ಟೆ ಹಾಕುತ್ತೇವೆ ಎಂದುಕೊಳ್ಳಿ. ಬಟ್ಟೆಯಲ್ಲಿ ಇಂಚಿಗೆ 64 ಹಾಸು, 48 ಹೊಕ್ಕು ಇದ್ದರೆ ಅದೇ ಚಿತ್ರ ಒಂದೂವರೆ ಇಂಚು ಅಗಲ, ಎರಡು ಇಂಚು ಎತ್ತರ ಆಗುತ್ತದೆ. ಚೌಕ ಇರಬೇಕಾದದ್ದು ಉದ್ದಕ್ಕೆ ಎಳೆದಂತಾಗುತ್ತದೆ. ಹಾಕಿದವಳ ಎಣಿಕೆ ಸರಿಯೇ ಇರುತ್ತದೆ. ನೋಡಿದವರು ಮಾತ್ರ ‘ಕೈ ಸರಿ ಇಲ್ಲ’ ಅನ್ನುತ್ತಾರೆ.

ನಯವಾದಷ್ಟೂ ಬಟ್ಟೆ ಶ್ರೇಷ್ಠ ಎಂಬ ನಂಬಿಕೆಯೂ ಗಿರಾಕಿಗಳಲ್ಲಿ ಬಲವಾಗಿದೆ. ನೂಲಿನ ನಂಬರು ಏರಿದಷ್ಟೂ ಎಳೆ ಸಣ್ಣದಾಗುತ್ತದೆ. 80, 100ರ ನೂಲಿನ ಮಲ್‌ಮಲ್ ಬೇಸಿಗೆಯಲ್ಲಿ ಉಡಲು ಹಿತ, ನಿಜ. ಆದರೆ ಅದರ ಎಳೆ ಎಣಿಸಲು ಕಣ್ಣು ಸೋಲುತ್ತದೆ, ತುಂಬು ಕಸೂತಿಯ ಭಾರಕ್ಕೆ ಬಟ್ಟೆ ಜೋಲುತ್ತದೆ. ಕುರ್ತಾ, ಕುಪ್ಪಸಕ್ಕೆ ನಾನು ಕೇಳುವುದು 20ರಿಂದ 40ರೊಳಗಿನ ನೂಲಿನ, ಕೈಗೆ ತುಸು ಒರಟೆನಿಸುವ ಕೈಮಗ್ಗದ ಬಟ್ಟೆ ಅಥವಾ ಖಾದಿ. ನಮ್ಮ ಸೀಮೆಯ ಜಯಧರ ಹತ್ತಿಯ ನಾರು ಗಿಡ್ಡ, ಅದರಿಂದ ದಪ್ಪ ನೂಲೇ ಬರುತ್ತದೆ. ಬಿಟಿ ಹತ್ತಿ ಬಂದ ಮೇಲೆ ಜಯಧರ ಬಿತ್ತುವ ಹೊಲಗಳು ಕಡಿಮೆಯಾದವು. ಆ ಹತ್ತಿಯ ಬಟ್ಟೆ ಇನ್ನಷ್ಟು ಸಿಗುವಂತಿದ್ದರೆ ಕಸೂತಿಯವರೇ ಮೊದಲ ಗಿರಾಕಿಗಳಾಗುತ್ತಿದ್ದೆವು.

ಕಳೆದ ವರ್ಷ ಒಬ್ಬ ತಾಯಿ ಮಗಳ ಸೀಮಂತಕ್ಕೆಂದು ಕುಪ್ಪಸದ ಬಟ್ಟೆ ತಂದುಕೊಟ್ಟರು. ಜೊತೆಗೆ ಹುಟ್ಟುವ ಕೂಸಿಗೆ ಕುಂಚಿಗಿ ಹೊಲಿಸಲು ಒಂದು ತುಂಡು. ಅಂಗಡಿಯವರು ಎರಡನ್ನೂ ಅಪ್ಪಟ ಹತ್ತಿ ಎಂದು ಮಾರಿದ್ದರಂತೆ. ಅಂಚಿನಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರುತ್ತದೆ. ಕುಪ್ಪಸದ ಎಳೆ ಹಾಗೆಯೇ ಉರಿಯಿತು. ಕುಂಚಿಗಿಯ ಎಳೆ ಕರಗಿ, ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಯಿತು. ಹಸುಗೂಸಿನ ತಲೆಗೆ ಪಾಲಿಯೆಸ್ಟರ್ ಬೆರಕೆಯ ಬಟ್ಟೆ! ಆ ತಾಯಿಯ ಮುಖ ಸಣ್ಣದಾಯಿತು. ಕುಪ್ಪಸದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ನೀರೆಲ್ಲ ಗಂಜಿಯಾಗಿತ್ತು. ಅಂಗಡಿಯಲ್ಲಿ ಒತ್ತಾಗಿ ಕಂಡ ನೇಯ್ಗೆ ಒಣಗಿದ ಮೇಲೆ ಜಾಳುಜಾಳಾಗಿ, ಬಟ್ಟೆ ಅಳತೆಯಲ್ಲೂ ಕುಗ್ಗಿತ್ತು. ನೆನೆಸದೆ ಕಸೂತಿ ಹಾಕಿದ್ದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ, ಕುಗ್ಗದ ದಾರ ಹಾಗೇ ಉಳಿದು, ಗೋಪುರ, ತೇರು ಎಲ್ಲ ಸುಕ್ಕುಗಟ್ಟುತ್ತಿದ್ದವು. ವಾರಗಟ್ಟಲೆಯ ಕೆಲಸ ಅದು. ಇಸ್ತ್ರಿ ಮಾಡಿದರೆ ಸರಿಹೋಗುವಂಥದ್ದಲ್ಲ.

ಇಂಥ ಪರೀಕ್ಷೆಯನ್ನು ನಾನು ಮನೆಯಲ್ಲಿ ಮಾಡಿಕೊಳ್ಳಬಲ್ಲೆ. ಆದರೆ ಅಂಗಡಿಯಲ್ಲಿ ನಿಂತ ಗಿರಾಕಿ ಕಡ್ಡಿ ಗೀರಲು ಆಗುತ್ತದೆಯೇ? ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆದರೆ ಅದು ಕೈಮಗ್ಗದಲ್ಲಿ ನೇಯ್ದದ್ದು ಎಂಬುದಕ್ಕೆ ಗುರುತು, ಇಂಚಿಗೆ ಎಷ್ಟು ಎಳೆ ಎಂಬುದನ್ನು ಅದು ಹೇಳುವುದಿಲ್ಲ. ಎಳೆ ಎಣಿಸಿ ಬಟ್ಟೆ ತಯಾರಿಸುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ರಾಷ್ಟ್ರಧ್ವಜಗಳು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಂತೆ ತಯಾರಾಗುತ್ತವೆ. ಧ್ವಜದ ಖಾದಿಗೆ ಎಳೆಯ ಎಣಿಕೆ, ತೂಕ, ಬಣ್ಣದ ಗಟ್ಟಿತನ ಎಲ್ಲಕ್ಕೂ ಲೆಕ್ಕವಿದೆ. ಅಲ್ಲಿ ಆಗುವುದು ಅದೇ ಊರಿನ ಕಸೂತಿ ಬಟ್ಟೆಗೆ ಏಕೆ ಆಗಬಾರದು?

ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕು ವರ್ಷಗಳೇ ಕಳೆದಿವೆ. ಕಸೂತಿಯನ್ನು ಕಾಪಾಡುವ ಮಾತಾಡುವವರು ಅದು ಕೂರುವ ಬಟ್ಟೆಯ ಕಡೆಗೂ ನೋಡಬೇಕು. ಕೈಮಗ್ಗ ಮತ್ತು ಕರಕುಶಲ ನಿಗಮಗಳು ಮೊದಲು ತಮ್ಮ ಮಳಿಗೆಗಳಲ್ಲಾದರೂ ಹತ್ತಿಯ ಪ್ರಮಾಣ, ಹಾಸು–ಹೊಕ್ಕಿನ ನೂಲಿನ ನಂಬರು, ಇಂಚಿಗೆ ಎಷ್ಟು ಎಳೆ, ನೀರಿಗೆ ಹಾಕಿದರೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಎಳೆ ಎಣಿಸುವ ಪುಟ್ಟ ಭೂತಗನ್ನಡಿಯೊಂದನ್ನು ಗಲ್ಲೆಯ ಮೇಲೆ ಇಡಲಿ. ಬೇಕಾದವರು ತಾವೇ ನೋಡಿಕೊಳ್ಳುತ್ತಾರೆ. ಹಾಸು–ಹೊಕ್ಕು ಸಮನಾದ ಬಟ್ಟೆಯನ್ನು ಕಸೂತಿಗೆಂದೇ ನೇಯಿಸಿದರೆ ನೇಕಾರರಿಗೂ ವರ್ಷವಿಡೀ ಕೆಲಸ ಸಿಗುತ್ತದೆ.

ಅಲ್ಲಿಯವರೆಗೆ ಗಿರಾಕಿಗಳಲ್ಲಿ ನನ್ನದೊಂದು ವಿನಂತಿ. ಮೀಟರಿಗೆ ಐವತ್ತು ರೂಪಾಯಿ ಉಳಿಸಲು ಹೋಗಿ ನೂರಾರು ತಾಸಿನ ಕೈಕೆಲಸಕ್ಕೆ ಕೆಟ್ಟ ಬಟ್ಟೆ ತರಬೇಡಿ. ಬಟ್ಟೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಬಿಳಿ ಪುಡಿ ಉದುರಿದರೆ ಬಿಡಿ. ಒದ್ದೆ ಕರವಸ್ತ್ರ ತಿಕ್ಕಿದಾಗ ಬಣ್ಣ ಹತ್ತಿದರೂ ಬಿಡಿ. ಹೊಲಿಗೆಗೆ ಎರಡೂವರೆ ಮೀಟರ್ ಬೇಕಿದ್ದರೆ ಕುಗ್ಗುವ ಲೆಕ್ಕ ಹಿಡಿದು ಇನ್ನೊಂದು ಗೇಣು ಹೆಚ್ಚು ತನ್ನಿ. ದರ್ಜಿ ಕತ್ತರಿ ಹಾಕುವ ಮೊದಲೇ ಕಸೂತಿಯವರ ಕೈಗೆ ಕೊಡಿ.

— ಒಬ್ಬ ಕಸೂತಿ ಕೆಲಸಗಾರ್ತಿ, ಧಾರವಾಡ