ಅರ್ಜಿ ‘ಪೆಂಡಿಂಗ್’ ಇದೆ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ದಾಖಲೆಗಳನ್ನು ಆನ್‌ಲೈನ್‌ನಲ್ಲೇ ದೃಢೀಕರಿಸುವ ಇ-ದೃಢೀಕರಣ ಎಲ್ಲ ತಮಗೆ ಗೊತ್ತಿರುವುದೇ. ನರ್ಸಿಂಗ್, ಫಾರ್ಮಸಿ, ಪ್ಯಾರಾಮೆಡಿಕಲ್ ಓದುವ ಉತ್ತರ ಕನ್ನಡ ಜಿಲ್ಲೆಯ ಮಕ್ಕಳ ವಿದ್ಯಾರ್ಥಿವೇತನ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಮಾತ್ರ ತಮ್ಮ ಕಿವಿಗೆ ಬಿದ್ದಂತಿಲ್ಲ.

ಮೊದಲ ಗಂಟು ಹೆಸರಿನದು. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ನಾಡಕಚೇರಿಯ ಜಾತಿ-ಆದಾಯ ಪತ್ರದಲ್ಲಿ ಮತ್ತೊಂದು. ಆ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದರೆ ತಾಳೆಯಾಗುವುದಿಲ್ಲ.

ಅದು ದಾಟಿದರೆ ಬ್ಯಾಂಕು. ‘ಆಧಾರ್ ಲಿಂಕ್ ಆಗಿದೆ, ಹೋಗಿ’ ಎನ್ನುತ್ತಾರೆ ಕೌಂಟರಿನಲ್ಲಿ. ಆಗಿರುವುದು ಕೆವೈಸಿ, ಅಂದರೆ ಬರೀ ಗುರುತಿನ ಪರಿಶೀಲನೆ; ಆಗಬೇಕಾದದ್ದು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಬರಬೇಕಾದ ಖಾತೆಗೆ ಆಧಾರ್ ಜೋಡಣೆ. ಹಣ ಬರುವುದು ಪಾಸ್‌ಬುಕ್ ನೋಡಿಕೊಂಡಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ. ಸಿಮ್ ಕೊಳ್ಳುವಾಗ ಅಂಗಡಿಯವ ತೆರೆದುಕೊಟ್ಟ, ಹುಡುಗಿಗೆ ನೆನಪೇ ಇಲ್ಲದ ಪೇಮೆಂಟ್ಸ್ ಬ್ಯಾಂಕ್ ಖಾತೆಗೂ ಹೋಗಿ ಕೂತೀತು. ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಓಟಿಪಿ ಬರುವ ನಂಬರ್ ಚಾಲ್ತಿಯಲ್ಲಿರಬೇಕು, ಅಷ್ಟೆ. ಇಷ್ಟು ಹೇಳುವವರೂ ಇಲ್ಲ.

ಯಲ್ಲಾಪುರ ಕಡೆಯ ನರ್ಸಿಂಗ್ ಹುಡುಗಿಯೊಬ್ಬಳು ಮಳೆಯಲ್ಲಿ ಅರಬೈಲ್ ಘಟ್ಟ ಇಳಿದು ಬಂದಳು. ವಿದ್ಯಾರ್ಥಿವೇತನ ಕೊಡುವ ಇಲಾಖೆಯವರು ಕಾಲೇಜಿಗೆ ಕಳಿಸಿದರು, ಕಾಲೇಜಿನವರು ಬ್ಯಾಂಕಿಗೆ, ಬ್ಯಾಂಕಿನವರು ತಿರುಗಿ ಇಲಾಖೆಗೆ. ಮೂರು ದಿನ. ಕೊನೆಗೆ ನೋಡಿದರೆ ಅರ್ಜಿ ಕಾಲೇಜಿನ ಲಾಗಿನ್‌ನಲ್ಲೇ ಪರಿಶೀಲನೆಗೆ ಕಾದು ಕೂತಿತ್ತು. ಒತ್ತಬೇಕಾದ ಬೆರಳು ರಜೆಯಲ್ಲಿತ್ತು! ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಪದವಿ ಸಿಗಬೇಕಾದರೆ ಕ್ಲಿನಿಕಲ್ ಹಾಜರಾತಿ, ಅಂದರೆ ಆಸ್ಪತ್ರೆ ತರಬೇತಿಯ ಹಾಜರಾತಿ, ನೂರಕ್ಕೆ ನೂರು ಆಗಬೇಕು. ಕಚೇರಿ ಸುತ್ತಿದ ಆ ಮೂರು ದಿನದ ಡ್ಯೂಟಿಯನ್ನು ಅವಳು ಮತ್ತೆ ಮಾಡಿ ತುಂಬಬೇಕು. ಅಷ್ಟರಲ್ಲಿ ಶುಲ್ಕ ಕಟ್ಟು ಎಂಬ ತಗಾದೆ ಬೇರೆ.

ಕೇಳುವುದು ದೊಡ್ಡದೇನಲ್ಲ. ತಿಂಗಳಿಗೊಂದು ದಿನ ಕಾರವಾರ, ಕುಮಟಾ, ಶಿರಸಿ, ಹಳಿಯಾಳದಲ್ಲಿ ಇಲಾಖೆ, ಕಾಲೇಜುಗಳ ಲಾಗಿನ್ ಹೊಂದಿರುವವರು, ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಿಸುವ ಲೀಡ್ ಬ್ಯಾಂಕಿನವರು ಒಂದೇ ಮೇಜಿನ ಮುಂದೆ ಕೂರಲಿ. ‘ಪೆಂಡಿಂಗ್’ ಎಂದರೆ ಯಾರ ಬಳಿ, ಏಕೆ ಎಂದು ಪೋರ್ಟಲ್ ಕನ್ನಡದಲ್ಲಿ ತೋರಿಸಲಿ.

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬರುತ್ತದೆಂಬ ಮಾತು ಕೇಳಿ ಕೇಳಿ ಸಾಕಾಗಿದೆ, ರೋಗಿಗಳಿಗೆ ಮಂಗಳೂರು, ಮಣಿಪಾಲ, ಗೋವಾ ತಪ್ಪಿಲ್ಲ. ನಾಳೆ ಆಸ್ಪತ್ರೆ ಎದ್ದರೂ ಒಳಗೆ ಡ್ಯೂಟಿಗೆ ನಿಲ್ಲಬೇಕಾದವರು ಇವತ್ತು ಕಚೇರಿ ಬಾಗಿಲಲ್ಲಿ ನಿಂತಿದ್ದಾರೆ.

ಮತ್ತೆ ಹೇಳುತ್ತೇವೆ: ತಿಂಗಳಿಗೊಂದು ದಿನ, ಒಂದೇ ಮೇಜು. ಮುಂದಿನ ತಿಂಗಳ ತಾರೀಖು ತಿಳಿಸಿ. ಮೇಜು ಬೇಕಾದರೆ ನಾವೇ ಹೊತ್ತು ತರುತ್ತೇವೆ.

ಇಂತಿ,
ಅರ್ಜಿ ತುಂಬಿಸಿ ಬೇಸತ್ತವರು, ಕುಮಟಾ